ಸೋತ ಹುಡುಗನ ಕಥೆಯನ್ನು ಹುಡುಗರ ಕೈಗೆ ಕೊಡಬಹುದೇ?

ಹದಿಹರೆಯದವರು ಏನು ಓದಬೇಕು ಎಂಬ ಮಾತು ಬಂದಲ್ಲೆಲ್ಲ ಒಂದು ನಂಬಿಕೆ ಚರ್ಚೆಗೇ ಬಾರದೆ ಒಪ್ಪಿತವಾಗಿಬಿಡುತ್ತದೆ. ಕಥೆಯಲ್ಲಿ ಕಷ್ಟ ಇರಲಿ, ಅನ್ಯಾಯ ಇರಲಿ, ಬೇಕಾದರೆ ಒಂದು ಸಾವೂ ಇರಲಿ. ಕೊನೆಯ ಪುಟದಲ್ಲಿ ಮಾತ್ರ ಭರವಸೆ ಇರಲೇಬೇಕು ಎಂಬುದು ಆ ನಂಬಿಕೆ. ದೊಡ್ಡವರ ಸಾಹಿತ್ಯಕ್ಕೆ ನಾವು ಈ ಷರತ್ತು ಹಾಕುವುದಿಲ್ಲ. ಹದಿನಾಲ್ಕು ವರ್ಷದವರ ಪುಸ್ತಕಕ್ಕೆ ಹಾಕುತ್ತೇವೆ, ಹಾಗೆ ಹಾಕುವುದು ಮಕ್ಕಳ ಮೇಲಿನ ಅಕ್ಕರೆ ಎಂದು ತಿಳಿಯುತ್ತೇವೆ. ಅಕ್ಕರೆ ನಿಜವೇ. ಆದರೆ ಆ ಷರತ್ತಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಬೇಡಿಕೆಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ. ಅವನ್ನು ಬಿಡಿಸಿ ನೋಡದಿದ್ದರೆ ಒಳ್ಳೆಯ ಪುಸ್ತಕಕ್ಕೂ ಅದನ್ನು ಓದಬಲ್ಲ ಹುಡುಗ ಹುಡುಗಿಯರಿಗೂ ಅನ್ಯಾಯ ಮಾಡುತ್ತೇವೆ. ಹಾಗೆ ಬಿಡಿಸಿ ನೋಡಲು ಅಮೆರಿಕದ ಕಾದಂಬರಿಕಾರ ರಾಬರ್ಟ್ ಕಾರ್ಮಿಯರ್ ಅವರಿಗಿಂತ ತಕ್ಕ ಉದಾಹರಣೆ ನನಗೆ ಕಾಣುವುದಿಲ್ಲ. 1974ರಲ್ಲಿ ಬಂದ ಅವರ ‘ದಿ ಚಾಕೊಲೇಟ್ ವಾರ್’ ಈ ಷರತ್ತನ್ನು ಪಾಲಿಸಲು ಒಪ್ಪಲಿಲ್ಲ. ಕೊನೆಯನ್ನು ಬದಲಿಸಿದರೆ ಅಚ್ಚು ಹಾಕುತ್ತೇವೆ ಎಂದ ಪ್ರಕಾಶಕರಿದ್ದರು; ಕಾರ್ಮಿಯರ್ ಬದಲಿಸಲಿಲ್ಲ. ಪುಸ್ತಕ ಹೊರಬಂದಾಗ ಗ್ರಂಥಪಾಲಕರ ಪ್ರಮುಖ ಪತ್ರಿಕೆ ‘ಬುಕ್‌ಲಿಸ್ಟ್’ ಅದರ ವಿಮರ್ಶೆಯನ್ನು ಸಾವಿನ ಸುದ್ದಿಗೆ ಹಾಕುವಂಥ ಕಪ್ಪು ಅಂಚಿನೊಳಗೆ ಪ್ರಕಟಿಸಿತು. ಮೂವತ್ತು ವರ್ಷ ಕಳೆದ ಮೇಲೂ, 2004ರಲ್ಲಿ, ಅಮೆರಿಕದ ಶಾಲೆ ಮತ್ತು ಗ್ರಂಥಾಲಯಗಳಿಂದ ತೆಗೆದುಹಾಕಿ ಎಂಬ ದೂರು ಅತಿ ಹೆಚ್ಚು ಬಂದ ಪುಸ್ತಕ ಅದೇ ಆಗಿತ್ತು.

ಮೊದಲು ಆ ನಂಬಿಕೆಯ ಬಲವನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಅದನ್ನು ಹೇಳುವವರಲ್ಲಿ ಮಕ್ಕಳ ನಡುವೆಯೇ ಬದುಕು ಕಳೆದ ಮೇಷ್ಟ್ರುಗಳಿದ್ದಾರೆ, ತಾಯಂದಿರಿದ್ದಾರೆ. ಅವರ ವಾದ ಹೀಗೆ ಸಾಗುತ್ತದೆ. ದೊಡ್ಡವರು ಸೋಲಿನ ಕಥೆ ಓದಿದಾಗ ಅದನ್ನು ತೂಗಿ ನೋಡಲು ಸ್ವಂತ ಅನುಭವ ಅವರ ಬಳಿ ಇರುತ್ತದೆ. ಕೈಬಿಟ್ಟ ಕೆಲಸದ ಬದಲು ಇನ್ನೊಂದು ಸಿಕ್ಕಿದ್ದು, ದ್ರೋಹ ಬಗೆದ ಗೆಳೆಯನಾಚೆಗೂ ಗೆಳೆಯರು ದೊರೆತದ್ದು ಅವರಿಗೆ ಗೊತ್ತು. ಹದಿನಾಲ್ಕರ ಹುಡುಗಿಯ ತಕ್ಕಡಿಯಲ್ಲಿ ಇನ್ನೊಂದು ತಟ್ಟೆ ಇನ್ನೂ ಖಾಲಿ. ಅವಳ ಪಾಲಿಗೆ ಶಾಲೆಯೇ ಜಗತ್ತು. ಅಲ್ಲಿ ಒಬ್ಬ ದುಷ್ಟ ಗೆದ್ದ ಕಥೆಯನ್ನು ಅವಳು ಒಂದು ಶಾಲೆಯ ಕಥೆ ಎಂದು ಓದದೆ ಲೋಕದ ನಿಯಮ ಎಂದೇ ಓದಿಬಿಡಬಹುದು. ಇದರ ಜೊತೆಗೆ ಇನ್ನೊಂದು ಮಾತೂ ಇದೆ. ಈ ವಯಸ್ಸಿನವರ ಓದು ಬಹುಮಟ್ಟಿಗೆ ದೊಡ್ಡವರು ಆರಿಸಿ ಕೊಟ್ಟದ್ದು. ತರಗತಿಯಲ್ಲಿ ಕಡ್ಡಾಯವಾಗಿ ಓದಿಸುವಾಗ ‘ಇಷ್ಟವಿಲ್ಲದಿದ್ದರೆ ಮುಚ್ಚಿಡು’ ಎನ್ನುವ ಸ್ವಾತಂತ್ರ್ಯ ಓದುವವರಿಗಿಲ್ಲ. ಹಾಗಾಗಿ ಕೊಟ್ಟವರ ಮೇಲೆ ಹೊಣೆ ಹೆಚ್ಚು. ಈ ಎರಡೂ ಮಾತುಗಳನ್ನು ನಾನು ಒಪ್ಪುತ್ತೇನೆ. ಇವುಗಳಿಂದ ‘ಆದ್ದರಿಂದ ಕಥೆ ಒಳ್ಳೆಯದಾಗಿ ಮುಗಿಯಬೇಕು’ ಎಂಬ ತೀರ್ಮಾನಕ್ಕೆ ಜಿಗಿಯುವ ಹೆಜ್ಜೆಯನ್ನು ಮಾತ್ರ ಒಪ್ಪುವುದಿಲ್ಲ.

ವಾದಕ್ಕೆ ಕಾದಂಬರಿಯ ಘಟನೆಗಳು ಬೇಕು. ಟ್ರಿನಿಟಿ ಎಂಬುದು ಹುಡುಗರ ಕ್ಯಾಥೊಲಿಕ್ ಶಾಲೆ, ನಾಲ್ಕುನೂರು ವಿದ್ಯಾರ್ಥಿಗಳು. ಮುಖ್ಯಸ್ಥರು ಕಾಯಿಲೆ ಬಿದ್ದಿದ್ದರಿಂದ ಅಧಿಕಾರ ಕೈಗೆ ಬಂದ ಬ್ರದರ್ ಲಿಯಾನ್, ಶಾಲೆಯ ಹಣ ಸಂಗ್ರಹಕ್ಕೆಂದು ಪ್ರತಿ ವರ್ಷ ನಡೆಯುವ ಚಾಕೊಲೇಟ್ ಮಾರಾಟಕ್ಕೆ ಈ ಸಲ 20,000 ಪೊಟ್ಟಣ ತರಿಸುತ್ತಾನೆ: ಹಿಂದಿನ ವರ್ಷದ ಎರಡು ಪಟ್ಟು, ಬೆಲೆಯೂ ಎರಡು ಪಟ್ಟು, ತಲೆಗೆ 50 ಪೊಟ್ಟಣ. ಮಾರಾಟ ‘ಸ್ವಯಂಪ್ರೇರಿತ’. ಶಾಲೆಯಲ್ಲಿ ‘ವಿಜಿಲ್ಸ್’ ಎಂಬ ಗುಪ್ತ ಕೂಟವೊಂದಿದೆ. ಅದರ ಮೆದುಳು ಆರ್ಚಿ ಕಾಸ್ಟೆಲ್ಲೊ. ಕೈ ಎತ್ತಿ ಯಾರನ್ನೂ ಹೊಡೆಯದ, ಬೇರೆಯವರಿಂದ ಮಾಡಿಸುವ ಹುಡುಗ. ತಾಯಿಯನ್ನು ಆಗಷ್ಟೇ ಕಳೆದುಕೊಂಡ ಹೊಸ ವಿದ್ಯಾರ್ಥಿ ಜೆರ್ರಿ ರೆನೊಗೆ ಆರ್ಚಿ ಒಂದು ಅಪ್ಪಣೆ ಕೊಡುತ್ತಾನೆ: ಹತ್ತು ದಿನ ಚಾಕೊಲೇಟ್ ಮಾರಲು ನಿರಾಕರಿಸಬೇಕು. ಹತ್ತು ದಿನ ಮುಗಿಯುತ್ತದೆ. ಹನ್ನೊಂದನೆಯ ದಿನ ಹೆಸರು ಕೂಗಿದಾಗ ಜೆರ್ರಿ ಮತ್ತೆ ‘ಇಲ್ಲ’ ಎನ್ನುತ್ತಾನೆ, ಈ ಸಲ ತನ್ನ ಸ್ವಂತ ಮಾತಾಗಿ. ಅಲ್ಲಿಂದ ಮುಂದೆ ಲಿಯಾನ್‌ನ ಅಧಿಕಾರ, ಆರ್ಚಿಯ ಅಧಿಕಾರ ಎರಡೂ ಒಂದಾಗುತ್ತವೆ. ಮೊದಲು ಜೆರ್ರಿಯನ್ನು ಮೆಚ್ಚಿದ ಹುಡುಗರು ಮೆಲ್ಲಗೆ ಅವನಿಂದ ದೂರ ಸರಿಯುತ್ತಾರೆ. ಕೊನೆಗೆ ರಾತ್ರಿ ಆಟದ ಮೈದಾನದಲ್ಲಿ, ಎಮಿಲ್ ಜಾನ್ಜಾ ಎಂಬ ಪುಂಡನಿಗೆ ಎದುರಾಗಿ ಜೆರ್ರಿಯನ್ನು ನಿಲ್ಲಿಸಿ ಲಾಟರಿ ನಡೆಸುತ್ತಾರೆ. ಚೀಟಿ ಕೊಂಡವರು ಯಾರು ಯಾರಿಗೆ ಎಲ್ಲಿ ಹೊಡೆಯಬೇಕು ಎಂದು ಬರೆದು ಕೊಡುತ್ತಾರೆ. ಚೀಟಿ ಎತ್ತಿ ಓದಿದಂತೆ ಏಟು ಬೀಳುತ್ತದೆ. ಜೆರ್ರಿ ನುಜ್ಜುಗುಜ್ಜಾಗುತ್ತಾನೆ. ದೂರದ ಎತ್ತರದಲ್ಲಿ ನಿಂತು ಲಿಯಾನ್ ನೋಡುತ್ತಿರುತ್ತಾನೆ. ಆರ್ಚಿಗೆ ಏನೂ ಆಗುವುದಿಲ್ಲ. ಒಡೆದ ದವಡೆಯ ಜೆರ್ರಿ ತನ್ನ ಗೆಳೆಯ ಗೂಬರ್‌ಗೆ ಮನಸ್ಸಿನಲ್ಲೇ ಹೇಳುವುದು ಇಷ್ಟು: ಅವರು ಹೇಳಿದ ಹಾಗೆ ಇದ್ದುಬಿಡು, ಎದುರು ನಿಲ್ಲಬೇಡ.

ಇದನ್ನು ಓದಿ ಕೆರಳಿದವರು ಮೊದಲು ಹಿಡಿದದ್ದು ಲೇಖಕರನ್ನು. ಇಂಥ ಕಹಿ ಬರೆದವರ ಒಳಗೇ ಕಹಿ ತುಂಬಿರಬೇಕು ಎಂಬ ಊಹೆ ಎಲ್ಲ ಕಾಲಕ್ಕೂ ಸುಲಭ. ಕಾರ್ಮಿಯರ್ ಅವರ ಬದುಕು ಆ ಊಹೆಗೆ ಒಂದಿಷ್ಟೂ ಆಸರೆ ಕೊಡುವುದಿಲ್ಲ. ಅವರು 1925ರ ಜನವರಿ 17ರಂದು ಮ್ಯಾಸಚೂಸೆಟ್ಸ್ ರಾಜ್ಯದ ಲೆಮಿನ್‌ಸ್ಟರ್ ಎಂಬ ಕಾರ್ಖಾನೆ ಊರಿನಲ್ಲಿ, ಕೆನಡಾದಿಂದ ಬಂದ ಫ್ರೆಂಚ್ ಕ್ಯಾಥೊಲಿಕರು ನೆಲೆಸಿದ್ದ ಫ್ರೆಂಚ್ ಹಿಲ್ ಎಂಬ ಕೇರಿಯಲ್ಲಿ, ಕಾರ್ಖಾನೆ ಕಾರ್ಮಿಕರೊಬ್ಬರ ಮಗನಾಗಿ ಹುಟ್ಟಿದರು. ಎಂಟು ಮಕ್ಕಳ ಮನೆ. ಕನ್ಯಾಸ್ತ್ರೀಯರು ನಡೆಸುತ್ತಿದ್ದ ಶಾಲೆ. ವೂಸ್ಟರ್ ನಗರದ ರೇಡಿಯೊ ಕೇಂದ್ರಕ್ಕೆ ಜಾಹೀರಾತು ಬರೆಯುವುದರಿಂದ ಆರಂಭಿಸಿ, ಸುಮಾರು ಮೂವತ್ತು ವರ್ಷ ಆಸುಪಾಸಿನ ಪತ್ರಿಕೆಗಳಲ್ಲಿ ವರದಿಗಾರರಾಗಿ, ಅಂಕಣಕಾರರಾಗಿ ದುಡಿದು 1978ರಲ್ಲಿ ಕೆಲಸ ಬಿಟ್ಟರು. 1948ರಲ್ಲಿ ಮದುವೆ, ನಾಲ್ವರು ಮಕ್ಕಳು. ತಂದೆಯ ಸಾವಿನ ನಂತರ ಬರೆದ ಮೊದಲ ಕಾದಂಬರಿ 1960ರಲ್ಲಿ ಬಂತು. ಅದೂ ಅದರ ಹಿಂದೆ ಬಂದ ಎರಡೂ ದೊಡ್ಡವರ ಓದಿಗೆ. ಹುಟ್ಟಿದ ಊರನ್ನು ಬಿಡಲಿಲ್ಲ, ಚರ್ಚನ್ನು ಬಿಡಲಿಲ್ಲ. ಅವರನ್ನು ಕಂಡವರೆಲ್ಲ ಹೇಳಿದ್ದು ಮೃದು ಸ್ವಭಾವದ ಗೃಹಸ್ಥ ಎಂದು. ಇಲ್ಲಿ ಒಂದು ಎಚ್ಚರ ಬೇಕು. ಒಳ್ಳೆಯ ಮನುಷ್ಯ ಬರೆದಿದ್ದರಿಂದ ಪುಸ್ತಕ ಒಳ್ಳೆಯದು ಎಂದು ವಾದಿಸಿದರೆ ಎದುರಿನವರ ತಪ್ಪನ್ನೇ ತಿರುಗಿಸಿ ಮಾಡಿದಂತಾಗುತ್ತದೆ. ನಾನು ಹೇಳುವುದು ಇಷ್ಟೇ: ಲೇಖಕರ ಮನಸ್ಸಿನ ಹದ ಬೇರೆ, ಕೃತಿ ತಲುಪುವ ಕೊನೆ ಬೇರೆ, ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗುವುದಿಲ್ಲ. ಆಮೇಲೆ ಮೂವತ್ತು ವರ್ಷ ಸಣ್ಣ ಊರೊಂದರ ವರದಿಗಾರರಾಗಿದ್ದವರಿಗೆ ಜನ ಹೇಗೆ ಸುಮ್ಮನಿರುತ್ತಾರೆ ಎಂಬುದು ಇತರರಿಗಿಂತ ಹೆಚ್ಚು ಗೊತ್ತಿರುತ್ತದೆ. ಅದು ಕಹಿಯಿಂದ ಬರುವುದಲ್ಲ, ನೋಡಿದ್ದರಿಂದ ಬರುವುದು.

ಈಗ ಆ ಷರತ್ತಿಗೇ ಬರೋಣ. ‘ಭರವಸೆ’ ಎಂಬ ಒಂದು ಪದ ಹಿಡಿದು ನಾವು ಕೇಳುತ್ತಿರುವುದು ವಾಸ್ತವವಾಗಿ ಈ ಮೂರನ್ನು:

1. ಕಥೆಯ ಫಲ. ಒಳ್ಳೆಯವನು ಗೆಲ್ಲಬೇಕು, ಅವನು ಸೋತರೂ ಕೆಟ್ಟವನಿಗೆ ಶಿಕ್ಷೆಯಾಗಬೇಕು.

2. ಕೃತಿಯ ತೀರ್ಪು. ಗೆದ್ದವರು ಯಾರೇ ಇರಲಿ, ಯಾವುದು ಸರಿ ಯಾವುದು ತಪ್ಪು ಎಂಬುದರಲ್ಲಿ ಕೃತಿಗೆ ಗೊಂದಲ ಇರಬಾರದು.

3. ಓದಿದವರಲ್ಲಿ ಉಳಿಯುವ ಕಸುವು. ಪುಸ್ತಕ ಮುಚ್ಚಿದ ಮೇಲೆ ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಭಾವ ಉಳಿಯಬಾರದು.

ಮಕ್ಕಳ ಮೇಲಿನ ಅಕ್ಕರೆಯಿಂದ ಹುಟ್ಟುವ ಕಾಳಜಿ ನಿಜವಾಗಿ ಮೂರನೆಯದರ ಬಗ್ಗೆ. ಎರಡನೆಯದರ ಬಗ್ಗೆಯೂ ಇರಬಹುದು. ಆದರೆ ನಾವು ಕಾವಲು ಕಾಯುವುದು ಮೊದಲನೆಯದನ್ನು, ಏಕೆಂದರೆ ಅದನ್ನು ಪರೀಕ್ಷಿಸುವುದು ಸುಲಭ. ಕೊನೆಯ ಪುಟ ತಿರುವಿದರೆ ಸಾಕು. ಓದಿದವರ ಮನಸ್ಸಿನಲ್ಲಿ ಏನು ಉಳಿಯಿತು ಎಂದು ತಿಳಿಯಬೇಕಾದರೆ ಅವರನ್ನು ಮಾತನಾಡಿಸಬೇಕು, ಕಾಯಬೇಕು. ಹೀಗೆ ಅಳೆಯಲು ಸುಲಭವಾದದ್ದು ಅಳೆಯಬೇಕಾದ್ದರ ಜಾಗದಲ್ಲಿ ಬಂದು ಕೂತಿದೆ. ಇದರ ಹಿಂದಿರುವ ಊಹೆ ಏನೆಂದರೆ ಕಥೆಯಲ್ಲಿ ಗೆಲುವಿದ್ದರೆ ಓದಿದವರಿಗೆ ಕಸುವು, ಸೋಲಿದ್ದರೆ ಕಸುವಿನ ನಾಶ. ಈ ಊಹೆ ಎರಡು ದಿಕ್ಕಿನಲ್ಲೂ ತಪ್ಪುತ್ತದೆ. ಕೊನೆಯ ಕ್ಷಣದಲ್ಲಿ ಒಬ್ಬ ಒಳ್ಳೆಯ ಉಪಾಧ್ಯಾಯರು ಬಂದು ಎಲ್ಲವನ್ನೂ ಸರಿಪಡಿಸಿದ ಕಥೆಯನ್ನು, ಅಂಥ ಉಪಾಧ್ಯಾಯರಿಲ್ಲದ ಶಾಲೆಯ ಹುಡುಗ ಓದಿದ ಎನ್ನಿ. ಅವನಿಗೆ ಆ ಗೆಲುವಿನಿಂದ ಸಿಕ್ಕಿದ್ದೇನು? ತನ್ನ ಶಾಲೆ ಕೆಟ್ಟದ್ದು, ತನ್ನ ನೋವು ಯಾವ ಪುಸ್ತಕದಲ್ಲೂ ಇಲ್ಲದ್ದು ಎಂಬ ಒಂಟಿತನ. ಸೋಲಿನ ದಿಕ್ಕಿನ ತಪ್ಪನ್ನು ತೋರಿಸಲು ಸ್ವಲ್ಪ ಹೆಚ್ಚು ಮಾತು ಬೇಕು.

ಜನಕ್ಕೆ ನಿಜವಾಗಿ ಅಡ್ಡಿಯಾಗುವುದು ದುಃಖವೇ ಎಂದು ಮೊದಲು ಕೇಳಿಕೊಳ್ಳೋಣ. ಅಮೆರಿಕದಲ್ಲಿ ‘ಯಂಗ್ ಅಡಲ್ಟ್’ ಎಂಬ ಕಪಾಟು ಗಟ್ಟಿಯಾದದ್ದೇ 1967ರಲ್ಲಿ ಎಸ್. ಇ. ಹಿಂಟನ್ ಎಂಬ ಹದಿಹರೆಯದ ಹುಡುಗಿಯ ‘ದಿ ಔಟ್‌ಸೈಡರ್ಸ್’ ಬಂದ ಮೇಲೆ. ಅದರಲ್ಲಿ ಬಡತನ, ಚಾಕು, ಕೊಲೆ ಎಲ್ಲ ಇದೆ. ಕ್ಯಾಥರೀನ್ ಪ್ಯಾಟರ್ಸನ್ ಅವರ ‘ಬ್ರಿಜ್ ಟು ಟೆರಬಿತಿಯಾ’ ಇನ್ನೂ ಚಿಕ್ಕವರ ಪುಸ್ತಕ. ಅದರಲ್ಲಿ ಒಬ್ಬ ಹುಡುಗಿ ಸಾಯುತ್ತಾಳೆ, ಅದಕ್ಕೆ 1978ರಲ್ಲಿ ನ್ಯೂಬೆರಿ ಪದಕ ಸಂದಿತು. ಹಾಗಾದರೆ ಸಾವು, ಕಣ್ಣೀರು ಅಡ್ಡಿಯಲ್ಲ. ನಮ್ಮಲ್ಲೂ ಹಾಗೆಯೇ. ಅಭಿಮನ್ಯುವಿಗಿಂತ ಕ್ರೂರವಾದ ಕಥೆ ಯಾವುದಿದೆ? ಮೀಸೆ ಮೂಡದ ಹುಡುಗನನ್ನು ಹಲವರು ಮಹಾರಥರು ಸುತ್ತುವರಿದು ಕೊಲ್ಲುವುದನ್ನು ಯಕ್ಷಗಾನದ ಬಯಲಿನಲ್ಲಿ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡೇ ನೋಡಿದ್ದೇವೆ. ಅದು ಮಕ್ಕಳಿಗೆ ತಕ್ಕುದಲ್ಲ ಎಂದು ಯಾರೂ ಹೇಳಲಿಲ್ಲ. ಜೆರ್ರಿಗೂ ಅಭಿಮನ್ಯುವಿಗೂ ಇರುವ ವ್ಯತ್ಯಾಸ ಮರುದಿನದ್ದು: ಅಲ್ಲಿ ಸೂರ್ಯ ಮುಳುಗುವ ಮೊದಲು ಸೈಂಧವನ ತಲೆ ಉರುಳುತ್ತದೆ, ಇಲ್ಲಿ ಆರ್ಚಿ ಮೈದಾನದ ಮೆಟ್ಟಿಲ ಮೇಲೆ ಆರಾಮವಾಗಿ ಕೂತಿರುತ್ತಾನೆ. ಅಂದರೆ ನಮ್ಮ ಷರತ್ತು ಕೇಳುವುದು ದುಃಖದ ನಿವಾರಣೆಯನ್ನಲ್ಲ, ಶಿಕ್ಷೆಯನ್ನು. ಶಿಕ್ಷೆಯಿಲ್ಲದ ಕಥೆಯೂ ನಮ್ಮಲ್ಲಿ ಇಲ್ಲವೆಂದಲ್ಲ. ‘ಕೆರೆಗೆ ಹಾರ’ದ ಭಾಗೀರತಿಯನ್ನು ಮನೆಯವರೇ ಕೆರೆಗೆ ಬಲಿಕೊಡುತ್ತಾರೆ, ಕೆರೆ ತುಂಬುತ್ತದೆ, ಸುದ್ದಿ ತಿಳಿದ ಗಂಡನೂ ಅದೇ ನೀರಿಗೆ ಹಾರುತ್ತಾನೆ. ತೀರ್ಮಾನ ಮಾಡಿದ ಹಿರಿಯರಿಗೆ ಹಾಡಿನಲ್ಲಿ ಯಾವ ದಂಡನೆಯೂ ಇಲ್ಲ. ಆದರೂ ಆ ಹಾಡು ಕೇಳಿ ಬಲಿ ಕೊಡುವುದು ಸರಿ ಎಂದು ಕಲಿತವರನ್ನು ನಾನು ಕಂಡಿಲ್ಲ. ದಂಡನೆ ಹಾಡಿನೊಳಗೆ ಇಲ್ಲದಿರುವುದರಿಂದಲೇ ಸಿಟ್ಟು ಕೇಳಿದವರ ಜೊತೆ ಮನೆಗೆ ಬರುತ್ತದೆ. ಕಥೆಯ ಫಲ ಮತ್ತು ಕೃತಿಯ ತೀರ್ಪು ಬೇರೆ ಬೇರೆ ಎಂಬುದು ಕನ್ನಡದ ಕಿವಿಗೆ ಹೊಸ ವಿಷಯವೇನೂ ಅಲ್ಲ.

ಕಾರ್ಮಿಯರ್ ಅವರ ತೀರ್ಪು ಎಲ್ಲಿದೆ ಎಂದು ಹುಡುಕಬೇಕಾದ್ದು ಕೊನೆಯ ಪುಟದಲ್ಲಲ್ಲ, ಆರಂಭಕ್ಕೆ ಹತ್ತಿರದ ಒಂದು ತರಗತಿಯಲ್ಲಿ. ಬ್ರದರ್ ಲಿಯಾನ್ ಬೇಯ್ಲಿ ಎಂಬ ಜಾಣ, ಸಂಕೋಚದ ಹುಡುಗನನ್ನು ಎದ್ದು ನಿಲ್ಲಿಸಿ, ನೀನು ಪರೀಕ್ಷೆಯಲ್ಲಿ ನಕಲು ಮಾಡಿದ್ದೀಯ ಎಂದು ಸುಳ್ಳು ಆರೋಪ ಹೊರಿಸಿ ಹಿಂಸಿಸುತ್ತಾನೆ. ತರಗತಿ ನೋಡುತ್ತದೆ, ಕೆಲವರು ನಗುತ್ತಾರೆ. ಹಿಂದಿನಿಂದ ಯಾರೋ ಒಬ್ಬ ಅವನನ್ನು ಬಿಟ್ಟುಬಿಡಿ ಎಂದು ಕೂಗಿದ್ದು ಬಿಟ್ಟರೆ ಉಳಿದದ್ದು ಮೌನ. ಸಾಕಷ್ಟು ಆಟವಾಡಿದ ಮೇಲೆ ಲಿಯಾನ್ ತಿರುಗಿ ತರಗತಿಯನ್ನೇ ಹಿಡಿಯುತ್ತಾನೆ: ನೀವು ನೋಡುತ್ತ ಕುಳಿತಿರಿ, ಈ ಕೋಣೆಯನ್ನು ನಾತ್ಸಿ ಜರ್ಮನಿ ಮಾಡಿದಿರಿ ಎಂದು. ಈ ದೃಶ್ಯದ ಚಾಣಾಕ್ಷತೆ ನನ್ನನ್ನು ಇಂದಿಗೂ ಕಾಡುತ್ತದೆ. ಹೇಳಿದವನು ಸ್ವತಃ ಹಿಂಸಕ. ಹೇಳಿದ ಮಾತು ಮಾತ್ರ ನಿಜ. ಅಲ್ಲಿಂದ ಮುಂದೆ ಇಡೀ ಕಾದಂಬರಿ ಆ ತರಗತಿಯನ್ನೇ ದೊಡ್ಡದು ಮಾಡುತ್ತ ಹೋಗುತ್ತದೆ. ಮೈದಾನದ ಲಾಟರಿಯಲ್ಲಿ ಅದು ನಾಲ್ಕುನೂರು ಹುಡುಗರ ತರಗತಿ. ಚೀಟಿಯ ಮೇಲೆ ಏಟನ್ನು ಬರೆದವರು ಆರ್ಚಿಯಲ್ಲ, ಜಾನ್ಜಾನೂ ಅಲ್ಲ. ಹೆಸರಿಲ್ಲದ ಸಾಮಾನ್ಯ ಹುಡುಗರು. ಕಾದಂಬರಿ ಆರ್ಚಿಯನ್ನು ಶಿಕ್ಷಿಸದೆ ಬಿಟ್ಟಿದ್ದಕ್ಕೆ ಕಾರಣ ಇಲ್ಲಿದೆ. ಆರ್ಚಿಗೆ ಶಿಕ್ಷೆಯಾಗಿದ್ದರೆ ಓದಿದವರು ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಿದ್ದರು: ಕೆಟ್ಟವನೊಬ್ಬನಿದ್ದ, ಹೋದ. ಚೀಟಿ ಕೊಂಡವರು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತಿದ್ದರು. ಯಾವ ಶಾಲೆಯಲ್ಲೇ ಆಗಲಿ ಓದುವವರಲ್ಲಿ ಆರ್ಚಿಗಳು ಬೆರಳೆಣಿಕೆಯವರು, ಜೆರ್ರಿಗಳೂ ಅಷ್ಟೇ. ಹೆಚ್ಚಿನವರು ಚೀಟಿ ಕೊಳ್ಳುವ ಗುಂಪಿನವರು. ಈ ಪುಸ್ತಕ ಮಾತನಾಡುತ್ತಿರುವುದು ಅವರ ಜೊತೆ. ಮೂರನೆಯ ಅರ್ಥದ ಭರವಸೆ, ಅಂದರೆ ನನ್ನ ಕೈಯಲ್ಲಿ ಏನೋ ಇದೆ ಎಂಬ ಅರಿವು, ಇಲ್ಲಿ ತುಂಬಾ ಇದೆ. ಹತ್ತು ಹುಡುಗರು ಎದ್ದು ಹೋಗಿದ್ದರೆ ಲಾಟರಿ ನಿಲ್ಲುತ್ತಿತ್ತು ಎಂಬುದು ಪ್ರತಿ ಪುಟದಲ್ಲೂ ಕಾಣುತ್ತದೆ. 1985ರಲ್ಲಿ ಬಂದ ಮುಂದಿನ ಭಾಗದಲ್ಲಿ ಆರ್ಚಿಯೇ ಇದನ್ನು ಬಾಯಿಬಿಟ್ಟು ಹೇಳುತ್ತಾನೆ: ಬೇಡ ಎನ್ನುವ ಸ್ವಾತಂತ್ರ್ಯ ನಿಮಗೆ ಯಾವಾಗಲೂ ಇತ್ತು ಎಂದು. ಆದರೆ ನನ್ನ ವಾದ ಎರಡನೆಯ ಭಾಗವನ್ನು ನೆಚ್ಚಿಲ್ಲ. ಹನ್ನೊಂದು ವರ್ಷ ಓದುಗರು ಮೊದಲನೆಯದನ್ನಷ್ಟೇ ಓದಿ ಇದನ್ನು ಕಂಡುಕೊಳ್ಳಬೇಕಾಗಿತ್ತು.

ಇಲ್ಲಿ ಎದುರು ಬರುವ ಮಾತು ತೂಕದ್ದು. ‘ಜೆರ್ರಿಯ ಕೊನೆಯ ಯೋಚನೆಯೇ ಪುಸ್ತಕದ ತೀರ್ಪಲ್ಲವೇ? ಹೋರಾಡಿದ ಹುಡುಗನ ಬಾಯಿಂದಲೇ ಹೋರಾಡಬೇಡ ಎಂದು ಹೇಳಿಸಿದ ಮೇಲೆ ಇನ್ನೇನು ಉಳಿಯಿತು?’ ನಾನು ಇದಕ್ಕೆ ಕೊಡುವ ಉತ್ತರ, ಪಾತ್ರದ ಮಾತನ್ನು ಅದು ಹುಟ್ಟಿದ ಸ್ಥಿತಿಯಿಂದ ಕಿತ್ತು ಓದಬಾರದು ಎಂಬುದು. ದವಡೆ ಮುರಿದು ಬಿದ್ದ ಹದಿನಾಲ್ಕು ವರ್ಷದವನಿಗೆ ಆ ಗಳಿಗೆಯಲ್ಲಿ ಹಾಗೆ ಅನ್ನಿಸುವುದು ಸತ್ಯ; ಅವನಿಗೆ ಬೇರೆ ರೀತಿ ಅನ್ನಿಸಿತು ಎಂದು ಬರೆದಿದ್ದರೆ ಅದು ಸುಳ್ಳಾಗುತ್ತಿತ್ತು. ಆದರೆ ಅವನಿಗೆ ಹಾಗೆ ಅನ್ನಿಸಿದ್ದನ್ನು ನೋಡಿ ಓದಿದವರಿಗೆ ಆಗುವುದು ಒಪ್ಪಿಗೆಯಲ್ಲ, ಸಂಕಟ. ಒಪ್ಪಿಗೆ ಆಗಬೇಕಾದರೆ ಪುಸ್ತಕ ಲಿಯಾನ್‌ನನ್ನೋ ಆರ್ಚಿಯನ್ನೋ ಮೆಚ್ಚುವಂತೆ ಮಾಡಬೇಕಿತ್ತು. ಅದು ಒಂದು ಸಾಲಿನಲ್ಲೂ ಆಗಿಲ್ಲ. ಹಾಗಿದ್ದೂ ಕೆಲವು ಓದುಗರು ಜೆರ್ರಿಯ ಮಾತನ್ನೇ ಪಾಠವಾಗಿ ಹೊತ್ತುಕೊಂಡು ಹೋಗಬಹುದು ಎಂಬುದನ್ನು ನಾನು ಅಲ್ಲಗಳೆಯಲಾರೆ. ಗೆಲುವಿನ ಕಥೆಯಿಂದ ಅಹಂಕಾರವನ್ನು ಪಾಠವಾಗಿ ಹೊತ್ತವರೂ ಇರುತ್ತಾರೆ. ತಪ್ಪು ಓದಿಗೆ ಎಡೆಯಿಲ್ಲದ ಕಥೆ ಬರೆಯುವುದು ಯಾರಿಂದಲೂ ಆಗಿಲ್ಲ.

ಕೊನೆಯನ್ನು ಬದಲಿಸಿದ್ದರೆ ಏನಾಗುತ್ತಿತ್ತು ಎಂದು ಬರೀ ಊಹಿಸಬೇಕಾಗಿಲ್ಲ, ಏಕೆಂದರೆ ಆ ಪ್ರಯೋಗ ನಡೆದಿದೆ. 1988ರಲ್ಲಿ ಕೀತ್ ಗೋರ್ಡನ್ ಈ ಕಾದಂಬರಿಯನ್ನು ಸಿನಿಮಾ ಮಾಡಿದರು. ತುಂಬ ಶ್ರದ್ಧೆಯಿಂದ ಮಾಡಿದ ಚಿತ್ರ. ಆರ್ಚಿಯ ಅಧಿಕಾರಕ್ಕೆ ಕಾದಂಬರಿಯಲ್ಲಿ ಒಂದೇ ಒಂದು ಅಂಕುಶವಿದೆ: ಅಪ್ಪಣೆ ಕೊಟ್ಟಾಗಲೆಲ್ಲ ಅವನು ಕರಿ ಪೆಟ್ಟಿಗೆಯಿಂದ ಒಂದು ಗೋಲಿ ತೆಗೆಯಬೇಕು, ಕರಿ ಗೋಲಿ ಬಂದರೆ ಆ ಕೆಲಸವನ್ನು ತಾನೇ ಮಾಡಬೇಕು. ಪುಸ್ತಕದಲ್ಲಿ ಅವನಿಗೆ ಯಾವಾಗಲೂ ಬಿಳಿಯದೇ ಬರುತ್ತದೆ. ಸಿನಿಮಾದಲ್ಲಿ ಕೊನೆಗೆ ಕರಿಯದು ಬರುತ್ತದೆ. ಆರ್ಚಿಯೇ ಕಣಕ್ಕಿಳಿದು ಜೆರ್ರಿಯ ಕೈಯಲ್ಲಿ ಪೆಟ್ಟು ತಿನ್ನುತ್ತಾನೆ. ಮೊದಲನೆಯ ಬೇಡಿಕೆ ಈಡೇರಿತು: ಕೆಟ್ಟವನಿಗೆ ಶಿಕ್ಷೆಯಾಯಿತು, ಗುಂಪು ಜೆರ್ರಿಗೆ ಜೈ ಎಂದಿತು. ಆದರೆ ಜೆರ್ರಿ ಗೆದ್ದದ್ದು ಹೊಡೆದು, ಅದೇ ಕಣದಲ್ಲಿ, ಅದೇ ಚೀಟಿಗಳ ಆಟದಲ್ಲಿ. ಯಾವುದನ್ನು ಬೇಡವೆಂದು ಅವನು ನಿಂತಿದ್ದನೋ ಅದರೊಳಗೇ ಇಳಿದು ಗೆದ್ದ. ಗೋರ್ಡನ್ ಪ್ರಾಮಾಣಿಕರಾದ್ದರಿಂದ ಜೆರ್ರಿಯ ಮುಖದಲ್ಲಿ ಆ ಗೆಲುವಿನ ಪೊಳ್ಳುತನವನ್ನೂ ತೋರಿಸಿದ್ದಾರೆ. ಆರ್ಚಿಯ ಜಾಗಕ್ಕೆ ಅವನ ಹಿಂಬಾಲಕನೇ ಬಂದು ಕೂರುವುದನ್ನೂ ತೋರಿಸಿದ್ದಾರೆ. ಹಾಗೆ ತೋರಿಸಿದ ಮೇಲೂ ನೋಡುಗರ ಕೈಗಳು ಆ ಏಟಿಗೆ ಚಪ್ಪಾಳೆ ತಟ್ಟಲು ಹೊರಟಿರುತ್ತವೆ, ಮೈದಾನದ ಹುಡುಗರಂತೆಯೇ. ಪುಸ್ತಕ ಓದುವವರನ್ನು ಗುಂಪಿನಿಂದ ಹೊರಗೆ ಎಳೆದಿತ್ತು. ಬದಲಾದ ಕೊನೆ ಮತ್ತೆ ಒಳಗೆ ಕೂರಿಸಿತು. ‘ಭರವಸೆ’ ಹೆಚ್ಚಿತು, ನೋಡಿದವರ ಹೊಣೆ ಕಡಿಮೆಯಾಯಿತು.

ಕಾದಂಬರಿ ಹುಟ್ಟಿದ ಸಂದರ್ಭವನ್ನು ಹಿಡಿದು ಇನ್ನೊಂದು ಆಕ್ಷೇಪ ಬರುತ್ತದೆ. ಕಾರ್ಮಿಯರ್ ಅವರ ಮಗ ಪೀಟರ್ ಒಂದು ದಿನ ಶಾಲೆಯಿಂದ ಮಾರಾಟದ ಚಾಕೊಲೇಟ್ ಹೊತ್ತು ತಂದ. ಮನೆಯಲ್ಲಿ ಮಾತುಕತೆಯಾಯಿತು, ಮಾರುವುದಿಲ್ಲ ಎಂದು ಅವನು ತೀರ್ಮಾನಿಸಿದ, ಮರುದಿನ ತಂದೆ ಮುಖ್ಯೋಪಾಧ್ಯಾಯರಿಗೆ ಒಂದು ಪತ್ರ ಬರೆದು ಕಳಿಸಿದರು. ಏನೂ ಆಗಲಿಲ್ಲ, ಶಾಲೆ ಒಪ್ಪಿಕೊಂಡಿತು. ‘ನಿಜ ಜೀವನವೇ ಇಷ್ಟು ಸೌಮ್ಯವಾಗಿದ್ದಾಗ ಅದನ್ನು ರಕ್ತಸಿಕ್ತ ಮಾಡಿದ್ದೇಕೆ? ಲೋಕವನ್ನು ಇದ್ದದ್ದಕ್ಕಿಂತ ಕೆಟ್ಟದಾಗಿ ತೋರಿಸಿದ್ದು ಸುಳ್ಳಲ್ಲವೇ?’ ಎಂದು ಕೇಳಬಹುದು. ನನಗೆ ತೋರುವಂತೆ ಈ ಘಟನೆ ಆಕ್ಷೇಪವನ್ನೇ ತಿರುಗಿಸುತ್ತದೆ. ಪೀಟರ್‌ಗೆ ಏನೂ ಆಗದಿರಲು ಕಾರಣಗಳಿದ್ದವು: ಮಾತನಾಡಿ ನಿರ್ಧರಿಸುವ ಮನೆ, ಪತ್ರ ಬರೆಯುವ ತಂದೆ, ಓದಿ ಒಪ್ಪುವ ಮುಖ್ಯೋಪಾಧ್ಯಾಯರು. ಕಾದಂಬರಿಕಾರರು ಮಾಡಿದ್ದು ಆ ಒಂದೊಂದನ್ನೇ ತೆಗೆದು ನೋಡಿದ್ದು. ತಾಯಿ ಇಲ್ಲ, ತಂದೆ ದುಃಖದಲ್ಲಿ ಮುಳುಗಿ ಮಗನ ಕಡೆ ಕಣ್ಣೆತ್ತಲಾರ, ಅಧಿಕಾರದಲ್ಲಿರುವವನಿಗೆ ಲೆಕ್ಕದಲ್ಲಿ ಕೊರತೆ ಬಿದ್ದ ಹಣದ ಭಯ, ಗೆಳೆಯ ಒಳ್ಳೆಯವನು, ಆದರೆ ಅಂಜುತ್ತಾನೆ. ಹೀಗೆ ತೆಗೆದಾಗ ಏನು ಬೀಳುತ್ತದೆ ಎಂದು ತೋರಿಸಿದರೆ, ಯಾವುದು ಮನೆಯನ್ನು ನಿಲ್ಲಿಸಿತ್ತು ಎಂಬುದು ಗೊತ್ತಾಗುತ್ತದೆ. ಜೆರ್ರಿಯ ಸೋಲು ಹಣೆಬರಹವಲ್ಲ. ಅದಕ್ಕೆ ಎಣಿಸಿ ಹೇಳಬಹುದಾದ ಕಾರಣಗಳಿವೆ, ಪ್ರತಿಯೊಂದು ಕಾರಣವೂ ಒಬ್ಬರ ನಡತೆ.

ಹಾಗಾದರೆ ಎಷ್ಟು ಕತ್ತಲಿದ್ದರೂ ಸರಿಯೇ? ಇಲ್ಲ. ಭರವಸೆಯ ಷರತ್ತನ್ನು ತೆಗೆದ ಮಾತ್ರಕ್ಕೆ ಎಲ್ಲ ಷರತ್ತೂ ಹೋಗುವುದಿಲ್ಲ. ನಾನು ಕೇಳುವ ಪ್ರಶ್ನೆ ಎರಡು: ಸೋಲು ಹೇಗೆ ಬಂತು ಎಂಬುದನ್ನು ಕೃತಿ ಮನುಷ್ಯರ ತೀರ್ಮಾನಗಳಾಗಿ ತೋರಿಸಿದೆಯೇ, ಅಥವಾ ಕತ್ತಲನ್ನು ಹವಾಮಾನದಂತೆ ಸುಮ್ಮನೆ ಹರಡಿದೆಯೇ? ಹಿಂಸೆಯನ್ನು ಓದುವವರು ಸವಿಯುವಂತೆ ಬರೆದಿದೆಯೇ, ಅಥವಾ ಸವಿಯುತ್ತಿರುವ ತಮ್ಮನ್ನು ತಾವೇ ಹಿಡಿಯುವಂತೆ ಬರೆದಿದೆಯೇ? ಈ ಒರೆಗಲ್ಲಿಗೆ ಹಚ್ಚಿದರೆ ಕಾರ್ಮಿಯರ್ ಅವರ ಕೃತಿಗಳೆಲ್ಲವೂ ಒಂದೇ ಸಮ ಬರುವುದಿಲ್ಲ. ‘ಆಫ್ಟರ್ ದಿ ಫಸ್ಟ್ ಡೆತ್’ (1979) ನನ್ನ ಮಟ್ಟಿಗೆ ಅವರ ಅತ್ಯುತ್ತಮ ಕೃತಿ. ಶಾಲಾ ಬಸ್ಸೊಂದನ್ನು ಭಯೋತ್ಪಾದಕರು ಹಿಡಿಯುತ್ತಾರೆ. ಅವರ ಎದುರು ನಿಂತ ಸೇನಾಧಿಕಾರಿ ತನ್ನ ಸ್ವಂತ ಮಗನನ್ನೇ ದೂತನನ್ನಾಗಿ ಕಳಿಸುತ್ತಾನೆ, ಚಿತ್ರಹಿಂಸೆಗೆ ಹುಡುಗ ಬಾಯಿಬಿಡುತ್ತಾನೆ ಎಂಬ ಲೆಕ್ಕಾಚಾರದ ಮೇಲೆಯೇ. ದೇಶಭಕ್ತಿ ಎಂಬ ದೊಡ್ಡ ಪದದ ಕೆಳಗೆ ಒಬ್ಬ ತಂದೆ ಮಾಡಬಲ್ಲ ದ್ರೋಹವನ್ನು ಅಷ್ಟು ನಿಖರವಾಗಿ ತೋರಿಸಿದ ಕೃತಿಯನ್ನು ಹದಿನಾರರವರಿಗೆ ಕೊಡಲು ನಾನು ಹಿಂಜರಿಯುವುದಿಲ್ಲ. ಆದರೆ ‘ಟೆಂಡರ್‌ನೆಸ್’ (1997) ಎಂಬ, ಸರಣಿ ಕೊಲೆ ಮಾಡುವ ತರುಣನ ಕಥೆಯಲ್ಲಿ ಕತ್ತಲು ಕಾರಣಕ್ಕಿಂತ ಸೆಳೆತವಾಗಿ ಕೆಲಸ ಮಾಡುತ್ತದೆ ಎಂದು ನನಗನ್ನಿಸುತ್ತದೆ. ಆ ಪುಸ್ತಕದ ಪರವಾಗಿ ನಾನು ಇಷ್ಟು ಗಟ್ಟಿಯಾಗಿ ವಾದಿಸಲಾರೆ. ಹೀಗೆ ಒಂದೊಂದು ಕೃತಿಯನ್ನೂ ಓದಿ ಬೇರ್ಪಡಿಸುವ ಕೆಲಸವನ್ನು ಕೊನೆಯ ಪುಟದ ಕಾವಲು ಎಂದೂ ಮಾಡಲಾರದು. ಫ್ಲಾರಿಡಾ ರಾಜ್ಯದ ಪನಾಮಾ ಸಿಟಿಯಲ್ಲಿ 1986ರಲ್ಲಿ ಕಾರ್ಮಿಯರ್ ಅವರ ‘ಐ ಆಮ್ ದಿ ಚೀಸ್’ ಬಗ್ಗೆ ಬಂದ ಒಂದು ದೂರು ಬೆಳೆಯುತ್ತ ಹೋಗಿ, ಮರುವರ್ಷ ಅಲ್ಲಿನ ಶಾಲೆಗಳಲ್ಲಿ ಅರವತ್ತಕ್ಕೂ ಹೆಚ್ಚು ಕೃತಿಗಳಿಗೆ ತಡೆ ಬಿತ್ತು. ಅವುಗಳಲ್ಲಿ ಶೇಕ್ಸ್‌ಪಿಯರ್ ನಾಟಕಗಳೂ ಇದ್ದವು. ಒರೆಗಲ್ಲಿಲ್ಲದ ಭಯಕ್ಕೆ ನಿಲ್ಲುವ ಜಾಗ ಇರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಮೊದಲ ವಾದದ ಒಂದು ತುಣುಕು ಕರಗದೆ ಉಳಿಯುತ್ತದೆ. ತರಗತಿಯಲ್ಲಿ ಈಗಾಗಲೇ ಬೇಯ್ಲಿಯ ಜಾಗದಲ್ಲಿ ನಿಂತಿರುವ ಒಬ್ಬ ಹುಡುಗ ಇರುತ್ತಾನೆ. ಚೀಟಿ ಕೊಳ್ಳುವವರನ್ನು ಎಚ್ಚರಿಸಲು ಬರೆದ ಪುಸ್ತಕ ಅವನಿಗೆ ಏನು ಕೊಡುತ್ತದೆ? ನಿನಗೆ ಆಗುತ್ತಿರುವುದು ನಿಜ, ಅದು ನಿನ್ನ ತಪ್ಪಲ್ಲ ಎಂಬ ಸಾಕ್ಷಿ ಸಿಗಬಹುದು. ಅದು ಕೆಲವರಿಗೆ ಸಾಕಾಗುತ್ತದೆ, ಕೆಲವರಿಗೆ ಸಾಕಾಗುವುದಿಲ್ಲ. ಸಾಕಾಗದವನಿಗೆ ಬೇಕಾದ್ದು ಪುಸ್ತಕದೊಳಗೆ ಬಲವಂತವಾಗಿ ತುಂಬಿದ ಬೆಳಕಲ್ಲ. ಓದಿದ ಮೇಲೆ ಮಾತನಾಡಲು ಸಿಗುವ ಒಬ್ಬ ಮನುಷ್ಯ. ಆದ್ದರಿಂದ ಈ ಕಾದಂಬರಿಯನ್ನು ಕಡ್ಡಾಯ ಮಾಡಿ, ಪ್ರಶ್ನೆಪತ್ರಿಕೆ ಕೊಟ್ಟು, ಮುಂದಿನ ಪಾಠಕ್ಕೆ ಹೋಗುವ ಮೇಷ್ಟ್ರ ವಿರುದ್ಧ ನಾನು ದೂರುದಾರರ ಜೊತೆ ನಿಲ್ಲುತ್ತೇನೆ. ಅಲ್ಲಿ ತಪ್ಪಿರುವುದು ಪುಸ್ತಕ ಕೊಟ್ಟ ರೀತಿ. ಬರೆದ ರೀತಿ ಅಲ್ಲ. ಕಾರ್ಮಿಯರ್ ತಮ್ಮ ಪಾಲಿನದನ್ನು ಹೇಗೆ ಮಾಡಿದರು ಎಂಬುದಕ್ಕೆ ‘ಐ ಆಮ್ ದಿ ಚೀಸ್’ನಲ್ಲೇ (1977) ಒಂದು ಗುರುತಿದೆ. ಅದರ ನಾಯಕ ಆ್ಯಡಮ್ ತನ್ನ ಗೆಳತಿ ಏಮಿಗೆ ಫೋನ್ ಮಾಡಲು ಮತ್ತೆ ಮತ್ತೆ ಯತ್ನಿಸುತ್ತಾನೆ. ಅವನ ಪಾಲಿಗೆ ಆ ಕಡೆ ಅವಳು ಸಿಗುವುದೇ ಇಲ್ಲ. ಪುಸ್ತಕದಲ್ಲಿ ಏಮಿಯ ಮನೆಯದೆಂದು ಅಚ್ಚಾದ ಸಂಖ್ಯೆ ಕಾರ್ಮಿಯರ್ ಅವರ ಸ್ವಂತ ಮನೆಯದು. ಓದಿ ಮುಗಿಸಿದ ಹುಡುಗ ಹುಡುಗಿಯರು ದೇಶದ ಯಾವ ಯಾವುದೋ ಊರಿನಿಂದ ಆ ಸಂಖ್ಯೆಗೆ ಫೋನ್ ಮಾಡಿ ಏಮಿಯನ್ನು ಕೇಳುತ್ತಿದ್ದರು. ಲೆಮಿನ್‌ಸ್ಟರ್‌ನ ಮನೆಯಲ್ಲಿ ಅವರು ಫೋನ್ ಎತ್ತಿಕೊಂಡು ಮಾತನಾಡುತ್ತಿದ್ದರು.